ಕಿಸೆಯಿಂದ ಕೋಣೆಗೆ

ಹೆಡ್‌ಫೋನಿಗೆಂದು ಐಪಾಡಿನಿಂದ ಹೊರಡುವ ಕ್ಷೀಣ ಸಂಕೇತವನ್ನು ಕೋಣೆ ತುಂಬುವ ನಾದವನ್ನಾಗಿಸುವ ಆಂಪ್ಲಿಫಯರನ್ನು ಮೆಚ್ಚುವವರು ಬಹುಮಂದಿಯಾದರೂ, ಇವೆರಡರ ನಡುವಣ ಮೊಳದುದ್ದದ ತಂತಿಯ ವಿಷಯದಲ್ಲಿ ಚಿಂತಿಸುವವರು ವಿರಳ. ಒಂದು ತುದಿಯಲ್ಲಿ, ವಾಕ್‌ಮನ್ ಯುಗದಲ್ಲಿ ಲೋಕಪ್ರಿಯವಾದ 3.5 ಮಿಲಿಮೀಟರಿನ ಪಿನ್ನೂ, ಇನ್ನೊಂದರಲ್ಲಿ ಎಡಕ್ಕೆ ಬಿಳಿ, ಬಲಕ್ಕೆ ಕೆಂಪು ಎಂಬ ಆರ್‌ಸಿಎ ಪಿನ್ನುಗಳೂ ಉಳ್ಳ ಈ ತಂತಿಯನ್ನು ‘ಆಕ್ಸ್’ ಎಂದು ಬರೆದಿರುವಲ್ಲಿ ಜೋಡಿಸತಕ್ಕದ್ದೇ ಹೊರತು ಮರೆತೂ ‘ಫೋನೋ’ ಎಂಬಲ್ಲಿ ಅಲ್ಲ; ಏಕೆಂದರೆ ಗ್ರಾಮಫೋನ್ ತಟ್ಟೆಯ ಮುಳ್ಳು ತರುವ ಕೆಲವೇ ಮಿಲಿವೋಲ್ಟುಗಳಿಗಾಗಿ ನಿರ್ಮಿತವಾದ ಆ ದ್ವಾರವು, ಬಂದುದನ್ನು ನೂರು ಪಟ್ಟಿನಷ್ಟು ವರ್ಧಿಸುವುದಲ್ಲದೆ ಮಂದ್ರವನ್ನೆತ್ತಿ ತಾರವನ್ನು ತಗ್ಗಿಸುವುದರಿಂದ, ಭೀಮಸೇನ ಜೋಶಿಯವರ ಘನಕಂಠವೂ ಒಡೆದ ಗಡಿಗೆಯ ಸದ್ದಾಗಿ ಪರಿಣಮಿಸುವುದು.

ವಾಲ್ಯೂಮ್ ಎರಡೂ ಕಡೆ ಇರುವುದು ಮತ್ತೊಂದು ತೊಡಕು. ಐಪಾಡಿನದನ್ನು ಮುಕ್ಕಾಲಿಗೂ ಮೇಲಕ್ಕೇರಿಸಿ, ಉಳಿದುದನ್ನು ಆಂಪ್ಲಿಫಯರಿನ ತಿರುಪಿಗೆ ಒಪ್ಪಿಸುವುದೇ ಯುಕ್ತ. ವಿಪರ್ಯಯವಾದರೆ ದುರ್ಬಲ ಸಂಕೇತದೊಡನೆ ಅದರ ಹಿಂದೆ ಸುಪ್ತವಾಗಿದ್ದ ಸುಯ್ಯೆಂಬ ಶಬ್ದವೂ ವರ್ಧಿಸಿ ತಂಬೂರಿಯ ಸೂಕ್ಷ್ಮವೆಲ್ಲ ಅದರಲ್ಲಿ ಅಡಗಿಹೋಗುವುದು. (2003ರ ಐಪಾಡಿನಿಂದ ಮೊದಲ್ಗೊಂಡು ತಳದ 30 ಪಿನ್ನುಗಳ ದ್ವಾರದಲ್ಲಿ ವಾಲ್ಯೂಮಿನ ಹಂಗಿಲ್ಲದ ಸಂಕೇತವೇ ದೊರೆಯುತ್ತಿತ್ತು, ಅದನ್ನು ಬಿಟ್ಟು ಹೆಡ್‌ಫೋನ್ ರಂಧ್ರಕ್ಕೇ ಜೋತುಬಿದ್ದ ರಸಿಕರನ್ನು ಕಂಡು ನನಗೆ ಸೋಜಿಗವೆನಿಸುತ್ತದೆ.) ಚಾರ್ಜ್ ಮಾಡುತ್ತಲೇ ಕೇಳಹೊರಟಾಗ ಗುಂಯ್ಯೆಂಬ ಝೇಂಕಾರವೆದ್ದರೆ ಸ್ಪೀಕರನ್ನು ಶಪಿಸಬೇಕಾಗಿಲ್ಲ, ಅದು ಬಹುಶಃ ಎರಡು ಮಾರ್ಗಗಳ ಭೂಸಂಪರ್ಕ ಕೂಡಿ ಉಂಟಾದ ವರ್ತುಲದ ಕೃತ್ಯ, ಚಾರ್ಜರನ್ನು ಕಿತ್ತೊಡನೆ ಶಮಿಸುವುದು.