ಪೀಣ್ಯದಲ್ಲಿ ಅಳತೆ ಕೊಟ್ಟು ಹೊಲಿಸುವ ಯಂತ್ರಗಳು

ತುಮಕೂರಿನಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗುವವರು ನೆಲಮಂಗಲ ದಾಟುತ್ತಿದ್ದಂತೆ ಒಂದು ನಿಟ್ಟುಸಿರು ಬಿಡುತ್ತಾರೆ. ಊರು ಬಂತೆಂದಲ್ಲ, ವಾಹನಗಳ ಸಾಲು ಬಂತೆಂದು. 2024ರ ನವೆಂಬರಿನಲ್ಲಿ ಮಾದಾವರದವರೆಗೆ ಮೆಟ್ರೋ ಬಂದ ಮೇಲೆ ನನ್ನಂಥವರು ಅಲ್ಲೇ ಇಳಿದು ರೈಲು ಹತ್ತುತ್ತೇವೆ. ದಾಸರಹಳ್ಳಿ, ಜಾಲಹಳ್ಳಿ ಕಳೆದರೆ ಕಿಟಕಿಯಲ್ಲಿ ಶೀಟಿನ ಚಾವಣಿಗಳೂ ನೀರಿನ ಟ್ಯಾಂಕುಗಳೂ ಕಾಣುತ್ತವೆ. ಅದು ಪೀಣ್ಯ. ಮೂವತ್ತು ವರ್ಷ ಈ ರಸ್ತೆಯಲ್ಲಿ ಓಡಾಡಿದರೂ ನಾನು ಅದರೊಳಗೆ ಕಾಲಿಟ್ಟಿರಲಿಲ್ಲ. ಕಾಲಿಡುವಂತೆ ಮಾಡಿದ್ದು ಹಳೆಯ ವಿದ್ಯಾರ್ಥಿಯೊಬ್ಬನ ಫೋನು.

‘ಸಾರ್, ಒಂಬತ್ತನೇ ಕ್ಲಾಸಿನಲ್ಲಿ ನೀವು ಮಾಡಿದ ಪಾಠ ಈಗ ನನ್ನ ಕುತ್ತಿಗೆಗೆ ಬಂದಿದೆ. ಒಂದು ಸಲ ಬಂದು ನೋಡಿ ಹೋಗಿ.’

ಪಾಠ ಮಾಡಿದ ತಪ್ಪಿಗೆ ಹೋಗಲೇಬೇಕಾಯಿತು.

ಪೀಣ್ಯ ಇಂಡಸ್ಟ್ರಿ ನಿಲ್ದಾಣದಲ್ಲಿ ಇಳಿದರೆ ಮೊದಲು ಮೂಗಿಗೆ ಬಡಿಯುವುದು ಕತ್ತರಿಸುವ ಎಣ್ಣೆಯ ವಾಸನೆ. ಈ ವಾಸನೆಗೂ ಒಂದು ಚರಿತ್ರೆಯಿದೆ. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ಸಹಯೋಗದಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಶುರುವಾಯಿತು. 1962ರಲ್ಲಿ ತುಮಕೂರು ರಸ್ತೆಯ ಮೇಲೆ ಚೆಕೊಸ್ಲೊವಾಕಿಯಾದ ನೆರವಿನಿಂದ ಯಂತ್ರೋಪಕರಣಗಳ ಸಂಶೋಧನಾ ಸಂಸ್ಥೆ ಬಂತು, ಇಂದಿನ ಸಿಎಂಟಿಐ. 1970ರ ದಶಕದಲ್ಲಿ ಪೀಣ್ಯದ ಬಡಾವಣೆಗಳು ಎದ್ದಾಗ, ಇಂಥ ಕಡೆ ಕೈ ಪಳಗಿಸಿಕೊಂಡ ಎಷ್ಟೋ ಮಂದಿ ಒಂದು ಲೇತ್, ಒಂದು ಡ್ರಿಲ್ಲಿಂಗ್ ಮೆಷಿನ್ ಇಟ್ಟುಕೊಂಡು ಇಲ್ಲಿ ಶೆಡ್ ಹಾಕಿದರು. ಎಚ್‌ಎಂಟಿಯ ಕೈಗಡಿಯಾರ ಕಂಪನಿ ಬಾಗಿಲು ಮುಚ್ಚಿತು. ಆ ಕೈಕಸುಬು ಮಾತ್ರ ಈ ಅಡ್ಡರಸ್ತೆಗಳಲ್ಲಿ ಉಳಿಯಿತು.

ನನ್ನ ವಿದ್ಯಾರ್ಥಿಯ ಶೆಡ್ಡಿನಲ್ಲಿ ಒಟ್ಟು ಹದಿನಾಲ್ಕು ಜನ. ಅವರು ಮಾಡುವುದು ಅಂಗಡಿಯಲ್ಲಿ ಸಿಗುವ ಯಂತ್ರಗಳನ್ನಲ್ಲ. ಮಾದಾವರದ ಪ್ರದರ್ಶನ ಕೇಂದ್ರಕ್ಕೆ ಹೋದರೆ ಕ್ಯಾಟಲಾಗ್ ನೋಡಿ ಕೊಳ್ಳಬಹುದಾದ ಯಂತ್ರಗಳು ಬೇಕಾದಷ್ಟಿವೆ. ಆದರೆ ಒಂದು ಕಾರ್ಖಾನೆ ತನ್ನದೇ ಆಕಾರದ ಒಂದು ಪಂಪಿನ ಒಡಲನ್ನು ತಯಾರಿಸಿ, ಅದು ಸೋರುತ್ತದೆಯೇ ಎಂದು ದಿನಕ್ಕೆ ಸಾವಿರ ಸಲ ಪರೀಕ್ಷಿಸಬೇಕೆಂದರೆ ಅದಕ್ಕೆ ರೆಡಿಮೇಡ್ ಇಲ್ಲ. ದರ್ಜಿಯ ಹತ್ತಿರ ಹೋಗಿ ಅಳತೆ ಕೊಟ್ಟು ಹೊಲಿಸಬೇಕು. ಇವಕ್ಕೆ ಎಸ್‌ಪಿಎಂ, ಅಂದರೆ ವಿಶೇಷೋದ್ದೇಶದ ಯಂತ್ರ ಎಂದು ಹೆಸರು.

ದರ್ಜಿಯೂ ಒಬ್ಬನೇ ಅಲ್ಲ. ವಿನ್ಯಾಸ ಇವನದು. ವೈರ್ ಕಟ್ ಎದುರು ಶೆಡ್ಡಿನಲ್ಲಿ, ಹೀಟ್ ಟ್ರೀಟ್‌ಮೆಂಟ್ ಎರಡು ಬೀದಿ ಆಚೆ, ಗ್ರೈಂಡಿಂಗ್ ಇನ್ನೊಬ್ಬರಲ್ಲಿ. ಕಂಟ್ರೋಲ್ ಪ್ಯಾನೆಲ್ ಕಟ್ಟುವವರು ಬೇರೆ, ಅದಕ್ಕೆ ಪ್ರೋಗ್ರಾಂ ಬರೆಯುವ ಹುಡುಗ ಬೇರೆ. ಗಾಳಿಯ ಸಿಲಿಂಡರು, ಸೆನ್ಸರುಗಳನ್ನು ಹೊರಗಿನಿಂದ ತರಿಸುತ್ತಾರೆ. ಬಂದರೆ ಬಂತು, ಬರದಿದ್ದರೆ ಯಂತ್ರ ಅರ್ಧಕ್ಕೆ ನಿಂತು ಕಾಯುತ್ತದೆ. ನಾನು ಹೋದಾಗ ಟಿವಿಎಸ್ ಎಕ್ಸ್‌ಎಲ್ ಮೇಲೆ ಗೋಣಿಚೀಲದಲ್ಲಿ ಸುತ್ತಿಕೊಂಡು ಒಬ್ಬಾತ ಏನೋ ತಂದ. ಬಾಳೆಗೊನೆ ಇರಬೇಕೆಂದುಕೊಂಡೆ. ಬಿಚ್ಚಿದರೆ ಕನ್ನಡಿಯಂತೆ ಹೊಳೆಯುವ ಉಕ್ಕಿನ ತಟ್ಟೆ, ಮೈಕ್ರಾನ್ ಲೆಕ್ಕದಲ್ಲಿ ಉಜ್ಜಿದ್ದು!

ಇನ್ನು ಅವನ ಕಷ್ಟದ ವಿಷಯ. ಸೈಕಲ್ ಶಾಪಿನಲ್ಲಿ ಪಂಕ್ಚರ್ ಹುಡುಕುವುದನ್ನು ಎಲ್ಲರೂ ನೋಡಿದ್ದೇವೆ: ಟ್ಯೂಬಿಗೆ ಗಾಳಿ ತುಂಬಿ ನೀರಲ್ಲಿ ಮುಳುಗಿಸಿದರೆ ಗುಳ್ಳೆ ಬರುತ್ತದೆ. ಅಲ್ಯೂಮಿನಿಯಂ ಎರಕದಲ್ಲೂ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಕಾರ್ಖಾನೆಗಳಲ್ಲೂ ನೀರಲ್ಲಿ ಮುಳುಗಿಸಿ ನೋಡುವ ಪದ್ಧತಿ ಇದೆ. ಆದರೆ ರಾತ್ರಿ ಪಾಳಿಯಲ್ಲಿ ತೂಕಡಿಸುವ ಕಣ್ಣಿಗೆ ಒಂದು ಗುಳ್ಳೆ ತಪ್ಪಿದರೆ ಮುಗಿಯಿತು. ಅದಕ್ಕೇ ಈ ಯಂತ್ರ. ಪಂಪಿನ ಒಡಲನ್ನು ಫಿಕ್ಸ್‌ಚರಿನಲ್ಲಿ ಕೂರಿಸಿ, ಎಲ್ಲ ಬಾಯಿಗಳನ್ನೂ ರಬ್ಬರಿನಿಂದ ಮುಚ್ಚಿ, ಒಳಗೆ ಗಾಳಿ ತುಂಬುತ್ತಾರೆ. ಸ್ವಲ್ಪ ಹೊತ್ತು ನೆಮ್ಮದಿಯಾಗಲು ಬಿಟ್ಟು ಒತ್ತಡ ಎಷ್ಟು ಇಳಿಯಿತೆಂದು ಅಳೆಯುತ್ತಾರೆ. ಆರು ಸೆಕೆಂಡಿನಲ್ಲಿ 100 ಪಾಸ್ಕಲ್‌ಗಿಂತ ಹೆಚ್ಚು ಇಳಿದರೆ ಕೆಂಪು ದೀಪ, ಇಲ್ಲದಿದ್ದರೆ ಹಸಿರು.

ಯಂತ್ರ ಮೊದಲ ಟ್ರಯಲ್‌ನಲ್ಲಿ ಇದೇ ಶೆಡ್ಡಿನಲ್ಲಿ ಚೆನ್ನಾಗಿಯೇ ಪಾಸಾಗಿತ್ತು. ಹತ್ತು ಭಾಗಗಳನ್ನು ಮೂವರು ಆಪರೇಟರುಗಳು ಮೂರು ಮೂರು ಸಲ ಪರೀಕ್ಷಿಸಿ ತೊಂಬತ್ತು ಅಳತೆ ತೆಗೆದರು. ಅಳತೆಯ ಸ್ವಂತ ವ್ಯತ್ಯಾಸ ಶೇಕಡಾ 10ರೊಳಗಿದ್ದರೆ ಉತ್ತಮ ಎಂಬುದು ಈ ಉದ್ಯಮದ ರೂಢಿ. ಇವನಿಗೆ 8 ಬಂದಿತ್ತು. ನಮ್ಮ ಪ್ರಯೋಗಾಲಯದಲ್ಲಿ ಮೂರು ಸಲ ಅಳೆದು ಸರಾಸರಿ ಬರೆಯಿರಿ ಎಂದರೆ ಒಂದೇ ಸಲ ಅಳೆದು ಉಳಿದೆರಡನ್ನು ಕಲ್ಪಿಸಿ ಬರೆಯುತ್ತಿದ್ದವರಲ್ಲಿ ಇವನೂ ಒಬ್ಬ ಎಂಬುದು ಬೇರೆ ಮಾತು.

ಯಂತ್ರ ಲಾರಿ ಹತ್ತಿ ಕೊಂಡವರ ಕಾರ್ಖಾನೆಗೆ ಹೋಯಿತು. ಅಲ್ಲಿ ಸೋರುವ ಭಾಗಗಳಿಗೂ ಹಸಿರು ದೀಪ ಹತ್ತತೊಡಗಿತು. ಹದಿನೈದು ದಿನ ಅಲ್ಲೇ ತಡಕಾಡಿದರು. ಕೊನೆಗೆ ಗಂಡನ ಮನೆಯಿಂದ ತವರಿಗೆ ಮರಳಿದ ಮಗಳಂತೆ ಯಂತ್ರ ಅದೇ ಲಾರಿಯಲ್ಲಿ ವಾಪಸು ಬಂತು.

ಕಾರಣ ಸರಳ. ಆ ಕಾರ್ಖಾನೆಯಲ್ಲಿ ಭಾಗಗಳು ಬಿಸಿನೀರಿನಲ್ಲಿ ತೊಳೆದು ನೇರವಾಗಿ ಪರೀಕ್ಷೆಗೆ ಬರುತ್ತವೆ, ಮುಟ್ಟಿದರೆ ಇನ್ನೂ ಬೆಚ್ಚಗೆ. ಪೀಣ್ಯದ ಟ್ರಯಲ್‌ನಲ್ಲಿದ್ದವು ರಾತ್ರಿಯಿಡೀ ಮೇಜಿನ ಮೇಲೆ ಕೂತು ತಣ್ಣಗಾದ ಭಾಗಗಳು. ಮುಚ್ಚಿದ ಪಾತ್ರೆಯಲ್ಲಿ ಗಾಳಿ ಬಿಸಿಯಾದರೆ ಒತ್ತಡ ಏರುತ್ತದೆ. ಒಳಗಿರುವುದು ವಾತಾವರಣದ ಒತ್ತಡವೂ ಸೇರಿ 3 ಬಾರ್, ಅಂದರೆ 3 ಲಕ್ಷ ಪಾಸ್ಕಲ್. ತಾಪ 27 ಡಿಗ್ರಿ, ಕೆಲ್ವಿನ್ ಲೆಕ್ಕದಲ್ಲಿ 300. ಒಂದು ಡಿಗ್ರಿ ಏರಿದರೆ ಒತ್ತಡ 1000 ಪಾಸ್ಕಲ್ ಏರಿತು. ಡಿಗ್ರಿಯ ಹತ್ತನೇ ಒಂದು ಭಾಗ ಏರಿದರೆ 100. ಸೋರಿಕೆಯಿಂದ 150 ಇಳಿಯಬೇಕಾದ ಕಡೆ ಬೆಚ್ಚನೆಯ ಲೋಹ 100 ಏರಿಸಿಬಿಟ್ಟರೆ ಯಂತ್ರಕ್ಕೆ ಕಾಣುವುದು 50 ಮಾತ್ರ. ಹಸಿರು ದೀಪ! ಯಂತ್ರ ಸುಳ್ಳು ಹೇಳಲಿಲ್ಲ, ತೊಂಬತ್ತು ಸಲ ಕೇಳಿದರೂ ಒಂದೇ ಉತ್ತರ ಕೊಡುತ್ತಿತ್ತು. ಅದಕ್ಕೆ ಕೇಳಿದ ಪ್ರಶ್ನೆಯೇ ಬೇರೆಯಾಗಿತ್ತು.

‘ಕಾಗದದಲ್ಲಿ ಏನು ಬರೆದಿದ್ದರಪ್ಪಾ?’ ಎಂದೆ. ಹದಿನಾಲ್ಕು ಪುಟಗಳ ವಿವರಣೆ ತಂದು ತೋರಿಸಿದ. ಯಂತ್ರಕ್ಕೆ ಬಳಿಯುವ ಬಣ್ಣದ ನಂಬರಿನವರೆಗೂ ಇದೆ. ತಾಪದ ಬಗ್ಗೆ ಒಂದೇ ಸಾಲು: ಕೋಣೆಯ ಉಷ್ಣತೆ. ಅದು ಕೋಣೆಯದ್ದೋ ಭಾಗದ್ದೋ ಎಂದು ಇವನು ಕೇಳಲಿಲ್ಲ, ಅವರು ಹೇಳಲಿಲ್ಲ. ಆರ್ಡರಿಗೆ ಮುಂಚೆ ಒಂದು ದಿನ ಅವರ ಸಾಲಿನ ಪಕ್ಕ ನಿಂತು ನೋಡಿದ್ದರೆ ಗೊತ್ತಾಗುತ್ತಿತ್ತು. ಆದರೆ ಖರೀದಿ ವಿಭಾಗ ಮೂರು ಕೊಟೇಷನ್ ತರಿಸಿ, ಕಡಿಮೆಯದನ್ನು ಆರಿಸಿ, ಡೆಲಿವರಿಗೆ ದಿನ ಗೊತ್ತುಮಾಡಿಬಿಟ್ಟಿತ್ತು. ಇವನೂ ಎರಡು ದಿನ ಉಳಿಯಿತೆಂದುಕೊಂಡ. ಮೇಷ್ಟ್ರಾಗಿ ನನ್ನ ಅಭಿಪ್ರಾಯ ಕೇಳಿದರೆ ಇಬ್ಬರಿಗೂ ಅರ್ಧರ್ಧ ಅಂಕ.

ಅಂಕದ ಮಾತಿರಲಿ, ಹಣದ ಗತಿ? ಶೇಕಡಾ 40 ಮುಂಗಡ, 40 ಟ್ರಯಲ್ ಆದ ಮೇಲೆ ಬಂದಿತ್ತು. ಉಳಿದ 20 ಅಲ್ಲಿ ಓಡಿದ ಮೇಲೆ. ಇವನ ಲಾಭ, ಹುಡುಗರ ಎರಡು ತಿಂಗಳ ಸಂಬಳ ಎಲ್ಲವೂ ಆ 20ರಲ್ಲೇ ಇತ್ತು. ಸಣ್ಣ ಉದ್ಯಮಗಳಿಗೆ 45 ದಿನದೊಳಗೆ ಹಣ ಕೊಡಬೇಕೆಂದು 2006ರ ಕಾಯಿದೆಯಿದೆ. ಆದರೆ ಎಣಿಕೆ ಶುರುವಾಗುವುದು ಮಾಲನ್ನು ಒಪ್ಪಿಕೊಂಡ ದಿನದಿಂದ. ಹದಿನೈದು ದಿನದೊಳಗೆ ಲಿಖಿತ ಆಕ್ಷೇಪ ಬಂದರೆ, ಅದು ಪರಿಹಾರವಾಗುವವರೆಗೆ ಆ ದಿನವೇ ಹುಟ್ಟುವುದಿಲ್ಲ. ಆಕ್ಷೇಪ ಬಂದಿತ್ತು.

ನಾನು ಹೋದ ದಿನ ಎರಡನೆಯ ಟ್ರಯಲ್. ಕೊಂಡವರ ಕಡೆಯಿಂದ ಬಂದಿದ್ದ ಎಂಜಿನಿಯರ್ ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಜಗಳಕ್ಕೆ ಬಂದಿರಬೇಕೆಂದುಕೊಂಡಿದ್ದೆ. ಆಕೆ ಬಂದವರೇ ತೋಳು ಮಡಚಿಕೊಂಡು ರಬ್ಬರ್ ಸೀಲು ಪರೀಕ್ಷಿಸತೊಡಗಿದರು. ಈ ತಿಂಗಳಲ್ಲಿ ಅವರಿಬ್ಬರೂ ಒಂದು ಒಪ್ಪಂದಕ್ಕೆ ಬಂದಿದ್ದರಂತೆ. ತೊಳೆಯುವ ಯಂತ್ರಕ್ಕೂ ಇದಕ್ಕೂ ನಡುವೆ ಹನ್ನೆರಡು ಭಾಗ ನಿಲ್ಲುವಷ್ಟು ಜಾಗ ಬಿಟ್ಟು ಫ್ಯಾನ್ ಹಾಕುವುದು ಅವರ ಖರ್ಚು. ಭಾಗವನ್ನು ಮುಟ್ಟದೆ ತಾಪ ಅಳೆಯುವ ಸೆನ್ಸರ್, ಇನ್ನೂ ಬಿಸಿಯಿದ್ದರೆ ಪರೀಕ್ಷೆಯನ್ನೇ ಶುರುಮಾಡದ ಪ್ರೋಗ್ರಾಂ ಇವನ ಖರ್ಚು.

ಭಾಗಗಳನ್ನು ಬಿಸಿಮಾಡಲು ಏನು ಮಾಡಿದ್ದಾರೆಂದು ನೋಡಿದರೆ, ಪ್ಲಾಸ್ಟಿಕ್ ಟಬ್ಬಿನಲ್ಲಿ ನೀರು, ಅದರಲ್ಲಿ ಸ್ನಾನದ ನೀರು ಕಾಯಿಸುವ ಕಾಯಿಲ್! ಸ್ವಿಚ್ ಆರಿಸದೆ ಯಾರೂ ಕೈ ಹಾಕಬಾರದೆಂದು ಗೋಡೆಗೆ ಚೀಟಿ ಅಂಟಿಸಿದ್ದರು, ಅಷ್ಟು ಪಾಠ ನೆನಪಿತ್ತು.

ಮೊದಲ ಭಾಗವನ್ನು ಒರೆಸಿ ಬಿಸಿಬಿಸಿಯಾಗಿಯೇ ಕೂರಿಸಿದರು. ಯಂತ್ರ ಅಲುಗಾಡಲಿಲ್ಲ, ಹಳದಿ ದೀಪ ಹತ್ತಿ ಕಾಯಿರಿ ಎಂದಿತು. ಫ್ಯಾನಿನ ಮುಂದಿಟ್ಟು ಮತ್ತೆ ಕೂರಿಸಿದಾಗ ಹಸಿರು. ಹೀಗೆ ಐದು ಭಾಗ ಆದವು. ಆಮೇಲೆ ಆಕೆ ತಮ್ಮ ಚೀಲದಿಂದ ಬಟ್ಟೆಯಲ್ಲಿ ಸುತ್ತಿದ ಒಂದು ಭಾಗ ತೆಗೆದರು. ಅದಕ್ಕೆ ಸೋರಿಕೆ ಎಷ್ಟೆಂದು ಮೊದಲೇ ಅಳೆದಿದ್ದ ಸಣ್ಣ ರಂಧ್ರವಿತ್ತು. ಟಬ್ಬಿಗೆ ಹಾಕಿ, ತೆಗೆದು, ಒರೆಸಿ, ಫ್ಯಾನಿನ ಮುಂದಿಟ್ಟು, ಫಿಕ್ಸ್‌ಚರಿನಲ್ಲಿ ಕೂರಿಸಿದರು. ಸಿಲಿಂಡರುಗಳು ಬಂದು ಬಾಯಿ ಮುಚ್ಚಿದವು. ಗಾಳಿ ತುಂಬಿದ ಸದ್ದು ನಿಂತಿತು. ಶೆಡ್ಡಿನ ಹದಿನಾಲ್ಕು ಜನವೂ ಕೈಕೆಲಸ ಬಿಟ್ಟು ನಿಂತಿದ್ದರು. ಆರು ಸೆಕೆಂಡು ಎಷ್ಟು ಉದ್ದವೆಂದು ನನಗೆ ಅಂದು ಗೊತ್ತಾಯಿತು.

ಕೆಂಪು ದೀಪ. ಪರದೆಯ ಮೇಲೆ 142.

ಆಕೆ ಅದೇ ಭಾಗವನ್ನು ಇನ್ನೂ ಒಂಬತ್ತು ಸಲ ಹಾಕಿಸಿದರು, ಒಂಬತ್ತು ಸಲವೂ ಕೆಂಪು. ಅಷ್ಟಾದರೂ ಸಹಿ ಹಾಕಲಿಲ್ಲ. ‘ಒಂದು ವಾರ ನಮ್ಮಲ್ಲಿ ಓಡಲಿ ಸಾರ್, ಆಮೇಲೆ’ ಎಂದು ನನ್ನ ವಿದ್ಯಾರ್ಥಿಗೆ ಹೇಳಿದರು. ಅವನು ‘ಈ ಸಲ ನಾನೂ ಬಂದು ಒಂದು ವಾರ ಅಲ್ಲೇ ನಿಲ್ತೀನಿ ಮೇಡಂ’ ಎಂದ. ಟೀ ತರಲು ಹುಡುಗನನ್ನು ಕಳಿಸಿ, ಲಾರಿಯವನಿಗೆ ಫೋನ್ ಹಚ್ಚಿದ.