ಬಿಳಿಯರ ಬೀದಿಯಲ್ಲಿ ನಮ್ಮ ಕೇರಿ

ಇಂಗ್ಲೆಂಡಿನಲ್ಲಿ ಜಾತಿ ಇಲ್ಲ, ಅಲ್ಲಿಗೆ ಹೋದ ನಮ್ಮವರು ಬಚಾವಾದರು ಅಂತ ನಮ್ಮ ಕೇರಿಯಲ್ಲಿ ಒಂದು ಮಾತಿದೆ. ಹೇಳುವವರು ಯಾರೂ ಅಲ್ಲಿಗೆ ಹೋದವರಲ್ಲ. ಎರಡು ಸಲ ಹೋಗಿ ಆರಾರು ತಿಂಗಳು ಇದ್ದು ಬಂದ ನಾವು ಗಂಡ ಹೆಂಡಿರು, ಅದು ಅರ್ಧ ನಿಜ ಅಂತ ಹೇಳಬಲ್ಲೆವು. ಆ ಅರ್ಧವೂ ಸಣ್ಣದಲ್ಲ. ಅದನ್ನೇ ಮೊದಲು ಬರೆಯುತ್ತೇವೆ.

ಮಗಳು ಅಳಿಯ ಇರುವುದು ಆಕ್ಸ್‌ಫರ್ಡ್ ನಗರದ ಉತ್ತರದ ಅಂಚಿನಲ್ಲಿ, ಕಟ್ಸ್‌ಲೋ ಅನ್ನುವ ಬಡಾವಣೆಯ ಹತ್ತಿರ. ಫೋಟೋಗಳಲ್ಲಿ ಕಾಣುವ ವಿಶ್ವವಿದ್ಯಾಲಯದ ಗೋಪುರಗಳಿಗೆ ಅಲ್ಲಿಂದ ಬಸ್ಸು ಹಿಡಿಯಬೇಕು. ಎರಡೆರಡು ಮನೆ ಬೆನ್ನಿಗೆ ಅಂಟಿಕೊಂಡ ಅವಳಿ ಮಕ್ಕಳಂತೆ ನಿಂತಿರುತ್ತವೆ. ಮುಂದೆ ಅಂಗೈಯಷ್ಟು ಹುಲ್ಲು, ಹಿಂದೆ ಮರದ ಹಲಗೆಯ ಬೇಲಿ. 1919ರಿಂದ 1939ರ ನಡುವೆ ಆ ದೇಶದಲ್ಲಿ ಇಂಥ ಸುಮಾರು 40 ಲಕ್ಷ ಮನೆ ಎದ್ದವಂತೆ. ಬೆಳಿಗ್ಗೆ ಎಂಟಕ್ಕೆ ಕಾರುಗಳೆಲ್ಲ ಹೊರಟುಹೋದರೆ ಸಂಜೆಯವರೆಗೂ ಬೀದಿಯಲ್ಲಿ ನರಪಿಳ್ಳೆ ಇಲ್ಲ. ಹಿರೇನಲ್ಲೂರಿನ ಕೇರಿಯಲ್ಲಿ ಒಬ್ಬರ ಮನೆಯ ಒಗ್ಗರಣೆ ನಾಲ್ಕು ಮನೆಯ ಮೂಗಿಗೆ ಬಡಿಯುತ್ತದೆ. ಅಲ್ಲಿ ಪಕ್ಕದ ಮನೆಯ ಮುದುಕಿ ಬದುಕಿದ್ದಾಳೋ ಇಲ್ಲವೋ ಅಂತ ಕಿಟಕಿಯ ಪರದೆ ನೋಡಿ ತಿಳಿಯಬೇಕು.

ಆ ಮುದುಕಿ ಮೊದಲ ತಿಂಗಳು ಬೇಲಿಯ ಆಚೆಯಿಂದ ಮಳೆ ಬಿಸಿಲಿನ ಮಾತಾಡಿದಳೇ ಹೊರತು ಒಂದು ದಿನವೂ ಹೊಸಿಲು ದಾಟಲಿಲ್ಲ. ನಮ್ಮವಳಿಗೆ ಅನುಮಾನ ಬಂತು. “ಇವ್ಳೂ ನಮ್ಮನ್ನ ಮುಟ್ಟಿಸ್ಕೊಳ್ಳಲ್ವೇನೇ?” ಅಂತ ಮಗಳನ್ನ ಕೇಳಿದಳು. “ಅಮ್ಮಾ, ಅವ್ಳ ಹೊಟ್ಟೇಲಿ ಹುಟ್ಟಿದ ಮಗನೇ ಫೋನ್ ಮಾಡಿ ಕೇಳ್ಕೊಂಡು ಬರ್ತಾನೆ, ಇನ್ನು ನೀನ್ಯಾವ ಲೆಕ್ಕ” ಅಂದಳು ಮಗಳು. ಆಮೇಲೊಂದು ದಿನ ಮುದುಕಿ ತನ್ನ ಹಿತ್ತಲ ಕಾಯಿ ಟೊಮೇಟೊ ಕೊಟ್ಟಳು. ನಮ್ಮವಳು ಅದನ್ನೇ ಹುರಿದು ಹಸಿಮೆಣಸಿನಕಾಯಿ ಹಾಕಿ ಅರೆದು ಒಂದು ಬಟ್ಟಲು ಚಟ್ನಿ ಕೊಟ್ಟಳು. ಎರಡು ದಿನ ಬಿಟ್ಟು ಬಟ್ಟಲು ತೊಳೆದು ವಾಪಸ್ ಬಂತು. ಖಾರಕ್ಕೆ ಕಣ್ಣೀರು ಬಂತು, ಚೆನ್ನಾಗಿತ್ತು ಅಂದಳು. ಓದುವವರಿಗೆ ಇದೇನು ದೊಡ್ಡ ಸುದ್ದಿ ಅನ್ನಿಸಬಹುದು. ನಮ್ಮ ಇಷ್ಟು ವರ್ಷದ ಬಾಳಿನಲ್ಲಿ ಊರೊಳಗಿನ ಒಂದು ಮನೆಯವರೂ ನಮ್ಮ ಅಡುಗೆಯನ್ನು ಹೀಗೆ ಬಟ್ಟಲಲ್ಲಿ ತರಿಸಿಕೊಂಡು ಉಂಡದ್ದನ್ನು ನಾವು ಕಂಡಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿದ ಮೇಷ್ಟ್ರ ಮನೆ ನಮ್ಮದು.

ಕಸದ ಗಾಡಿಯ ಮಾತನ್ನೂ ಹೇಳಬೇಕು. ಒಂದು ವಾರ ನೀಲಿ ಡಬ್ಬ, ಇನ್ನೊಂದು ವಾರ ಹಸಿರು ಡಬ್ಬ ಬೀದಿಗಿಡಬೇಕು. ಗಾಡಿ ಬರುತ್ತದೆ, ಕೈಗವಸು ಬೂಟು ಹಾಕಿದ ಬಿಳಿಯ ಆಳುಗಳು ಇಳಿಯುತ್ತಾರೆ, ಯಂತ್ರವೇ ಡಬ್ಬ ಎತ್ತಿ ಸುರಿದುಕೊಳ್ಳುತ್ತದೆ. ಅವರಲ್ಲೊಬ್ಬ ಮೊಮ್ಮಗಳ ಸ್ಕೂಲಿನ ಗೆಳತಿಯ ಅಪ್ಪ. ಆ ಹುಡುಗಿ ‘ನಮ್ಮಪ್ಪನ ಗಾಡಿ’ ಅಂತ ಬೀದಿಯಲ್ಲೇ ಕೂಗಿ ಕೈ ಬೀಸಿದಳು. ನಮಗೆ ಬಿ. ಬಸವಲಿಂಗಪ್ಪನವರು ನೆನಪಾದರು. ಮಲದ ಬುಟ್ಟಿ ತಲೆ ಮೇಲೆ ಹೊರಬಾರದು ಅಂತ ಅವರು ಮಂತ್ರಿಯಾಗಿ ಆಜ್ಞೆ ಮಾಡಿದ್ದು 1970ರ ದಶಕದಲ್ಲಿ. ಆಮೇಲೆ 1993ರಲ್ಲಿ ಒಂದು ಕಾಯ್ದೆ, 2013ರಲ್ಲಿ ಇನ್ನೊಂದು ಕಾಯ್ದೆ ಬಂತು. ನಮ್ಮ ಜನ ಮ್ಯಾನ್‌ಹೋಲಿಗಿಳಿದು ಸಾಯುವುದು ಇವತ್ತಿಗೂ ನಿಂತಿಲ್ಲ.

ಹಾಗಂತ ಬಿಳಿಯರು ದೇವರ ಮಕ್ಕಳೇನಲ್ಲ. ಓಡುವ ಕಾರಿನಿಂದ ‘ನಿಮ್ಮ ದೇಶಕ್ಕೆ ಹೋಗಿ’ ಅಂತ ನಮ್ಮತ್ತ ಕೂಗಿದ್ದೂ ಉಂಟು. ಬಣ್ಣದ ಜಾತಿ ಅಲ್ಲಿದೆ. ಅದಕ್ಕಿಂತ ಹಳೆಯದು ಅವರವರ ನಡುವಿನ ದುಡ್ಡಿನ ಜಾತಿ. ಅದರ ಗುರುತು ಮಗಳ ಮನೆಯಿಂದ ಹತ್ತು ನಿಮಿಷದ ನಡಿಗೆಯಲ್ಲೇ ನಮಗೆ ಸಿಕ್ಕಿತು.

ಸಂಜೆ ತಿರುಗಾಡಲು ಹೋದಾಗ ಒಂದು ನೇರ ಬೀದಿಗೆ ಅರ್ಧದಲ್ಲಿ ಹೆಸರು ಬದಲಾಗುವುದನ್ನು ಕಂಡೆವು. ಈ ಕಡೆ ವೆಂಟ್‌ವರ್ತ್ ರಸ್ತೆ, ನಾಲ್ಕು ಹೆಜ್ಜೆ ಮುಂದೆ ಅದೇ ಆಲ್‌ಡ್ರಿಚ್ ರಸ್ತೆ. ಪಕ್ಕದ ಬೀದಿಯೂ ಹಾಗೆಯೇ, ಕಾರ್ಲ್‌ಟನ್ ಇದ್ದದ್ದು ವುಲ್ಸಿ ಆಗುತ್ತದೆ. ಅಲ್ಲೊಂದು ಮನೆಯ ಗೋಡೆಗೆ ನೀಲಿ ಫಲಕ ಹಾಕಿದ್ದಾರೆ. ಕೆಳಗೆ ನಿಂತು ಓದಿದ ಮೇಲೆ ಅಳಿಯನಿಂದ ಪುಸ್ತಕ ತರಿಸಿಕೊಂಡು ಪೂರಾ ಕತೆ ತಿಳಿದುಕೊಂಡೆವು.

1934ರಲ್ಲಿ ಆ ಎರಡೂ ಬೀದಿಗಳಿಗೆ ಅಡ್ಡಲಾಗಿ ಗೋಡೆ ಕಟ್ಟಿದರು. ಎರಡು ಮೀಟರಿಗೂ ಎತ್ತರ, ಮೇಲೆ ಕಬ್ಬಿಣದ ಮೊನೆಗಳು. ಒಂದು ಕಡೆ ನಗರಸಭೆ ಬಡವರಿಗೆ ಕಟ್ಟಿಕೊಟ್ಟ ಬಾಡಿಗೆ ಮನೆಗಳು, ಇನ್ನೊಂದು ಕಡೆ ಖಾಸಗಿ ಕಂಪನಿ ಮಾರಾಟಕ್ಕೆ ಕಟ್ಟಿದ ಮನೆಗಳು. ಕೊಳಚೆ ಪ್ರದೇಶದಿಂದ ಬಂದವರು ಪಕ್ಕದಲ್ಲಿದ್ದರೆ ಮನೆಯ ಬೆಲೆ ಬೀಳುತ್ತದೆ ಅನ್ನುವುದು ಕಂಪನಿಯ ವಾದ. ಬಡವರ ಕಡೆಯ ಹೆಂಗಸರು ಮಕ್ಕಳು ಕಣ್ಣೆದುರಿಗಿದ್ದ ಬ್ಯಾನ್‌ಬರಿ ರಸ್ತೆಯ ಬಸ್ಸಿಗೆ ಸುತ್ತು ಬಳಸಿ ಹೋಗಬೇಕಾಯಿತು. 1935ರಲ್ಲಿ ಏಬ್ ಲಾಜರಸ್ ಅನ್ನುವ ಕಮ್ಯುನಿಸ್ಟ್ ಮುಖಂಡ ಜನ ಸೇರಿಸಿಕೊಂಡು ಗೋಡೆ ಒಡೆಯಲು ಹೊರಟ, ಪೊಲೀಸರು ಅಡ್ಡ ನಿಂತರು. 1938ರಲ್ಲಿ ನಗರಸಭೆಯೇ ರೋಡ್ ರೋಲರ್ ತಂದು ಕೆಡವಿತು, ಕಂಪನಿ ಮತ್ತೆ ಕಟ್ಟಿತು, ಕೋರ್ಟು ಕಂಪನಿಯ ಪರ ನಿಂತಿತು. ಯುದ್ಧಕಾಲದಲ್ಲಿ, 1943ರಲ್ಲಿ, ಸೈನ್ಯದ ಟ್ಯಾಂಕೊಂದು ದಾರಿ ತಪ್ಪಿ ಗೋಡೆಗೆ ನುಗ್ಗಿತಂತೆ. ಅದನ್ನೂ ರಿಪೇರಿ ಮಾಡಿದರು! ಕೊನೆಗೆ ಗೋಡೆಯ ಕೆಳಗಿನ ನೆಲವನ್ನು ನಗರಸಭೆ 1000 ಪೌಂಡ್ ಕೊಟ್ಟು ಕೊಂಡುಕೊಂಡು 1959ರ ಮಾರ್ಚ್ 9ರಂದು ಕೆಡವಿತು. ಇಪ್ಪತ್ತೈದು ವರ್ಷ ನಿಂತ ಗೋಡೆ ಅದು.

ತಮಿಳುನಾಡಿನ ಮಧುರೆ ಜಿಲ್ಲೆಯ ಉತ್ತಪುರಂ ಗೋಡೆ ಈ ಪತ್ರಿಕೆ ಓದುವವರಿಗೆ ಗೊತ್ತಿರುತ್ತದೆ. ದಲಿತರನ್ನು ಬೇರೆ ಮಾಡಿ ಅದನ್ನು ಎಬ್ಬಿಸಿದ್ದು 1989ರ ಗಲಾಟೆಯ ಆಸುಪಾಸಿನಲ್ಲಿ, ಒಂದು ಭಾಗ ಒಡೆದದ್ದು 2008ರ ಮೇ ತಿಂಗಳಲ್ಲಿ. ಎರಡು ಗೋಡೆಯೂ ಒಂದೇ ಅಂತ ನಾವು ಹೇಳುವುದಿಲ್ಲ. ಆಲ್‌ಡ್ರಿಚ್ ರಸ್ತೆಯವನ ಮಗ ನಾಲ್ಕು ಕಾಸು ಮಾಡಿಕೊಂಡರೆ ವೆಂಟ್‌ವರ್ತ್ ರಸ್ತೆಯಲ್ಲಿ ಮನೆ ಕೊಂಡುಕೊಳ್ಳಬಹುದಿತ್ತು. ಅವನಪ್ಪ ಯಾರು ಅಂತ ಅವನ ಮುಖದಲ್ಲಿ ಬರೆದಿರಲಿಲ್ಲ. ಹಿರೇನಲ್ಲೂರಿನಲ್ಲಿ ನಾವು ಹುಡುಗರಾಗಿದ್ದಾಗ ಊರಿಗೂ ಕೇರಿಗೂ ನಡುವೆ ಗೋಡೆ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಯಾವ ಜಗಲಿಯ ಹತ್ತಿರ ಚಪ್ಪಲಿ ಕೈಗೆ ಬರಬೇಕು ಅಂತ ಕಾಲಿಗೇ ಗೊತ್ತಿತ್ತು.

ಈಗ ಉಳಿದರ್ಧ.

ಮಗಳು ಮೊದಲ ದಿನವೇ ಹೇಳಿದ್ದಳು. “ಅಪ್ಪಾ, ನಮ್ಮ ಕನ್ನಡದೋರು ಯಾರಾದ್ರೂ ಕೇಳಿದ್ರೆ ಚಿಕ್ಕಮಗಳೂರು ಕಡೆಯೋರು ಅಂದ್ಬಿಡಿ, ಸಾಕು.” ಯಾಕೆ ಅಂತ ಯುಗಾದಿ ಊಟದಲ್ಲಿ ತಿಳಿಯಿತು. ಒಂದು ಹಾಲು ಬಾಡಿಗೆ ಹಿಡಿದು ಸುತ್ತಮುತ್ತಲಿನ ಕನ್ನಡ ಕುಟುಂಬಗಳೆಲ್ಲ ಸೇರಿದ್ದವು. ಹೋಳಿಗೆ, ಕೋಸಂಬರಿ, ಮಕ್ಕಳಿಂದ ವಚನ ಗಾಯನ. ಲಂಡನ್ನಿನ ಥೇಮ್ಸ್ ದಂಡೆಯಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವಣ್ಣನ ಪ್ರತಿಮೆಯ ಮುಂದೆ ಅವರೆಲ್ಲ ನಿಂತು ತೆಗೆಸಿಕೊಂಡ ಫೋಟೋವನ್ನೂ ಗೋಡೆಗೆ ಹಾಕಿದ್ದರು. ಅದರ ಕೆಳಗೇ ಕೂತಿದ್ದ ಒಬ್ಬ ಮಹನೀಯರು ವಿಚಾರಣೆ ಶುರುಮಾಡಿದರು.

“ಯಾವ ಕಡೆಯೋರು ಸಾರ್?”

“ಚಿಕ್ಕಮಗಳೂರು ಜಿಲ್ಲೆ.”

“ಓಹೋ, ತೋಟ ಎಷ್ಟೆಕರೆ?”

“ತೋಟಗೀಟ ಇಲ್ಲ. ಕಡೂರು ತಾಲ್ಲೂಕು, ಹಿರೇನಲ್ಲೂರು. ರಾಗಿ ಬೆಳೆಯೋ ಬಯಲುಸೀಮೆ.”

“ಹೌದಾ. ಮನೆದೇವ್ರು ಯಾವ್ದು?” ಆಮೇಲೆ, “ಸರ್‌ನೇಮು?” ಆಮೇಲೆ, “ನೀವು ವೆಜ್ಜಾ, ನಾನ್‌ವೆಜ್ಜಾ?”

ಒಂದೊಂದೇ ಮೆಟ್ಟಿಲು ಇಳಿಸುತ್ತಿದ್ದರು. ಪಂಕ್ತಿಯ ಆ ತುದಿಯಿಂದ ಮಗಳ ಕಣ್ಣು ನಮ್ಮ ಮೇಲೆಯೇ ಇತ್ತು. ಹುಡುಗರಾಗಿದ್ದಾಗ ಭದ್ರಾವತಿಯ ಬಿ. ಕೃಷ್ಣಪ್ಪನವರ ಮಾತು ಕೇಳಿ ಬೆಳೆದವರು ನಾವು. “ಕೇರಿಯೋರು ಸ್ವಾಮಿ ನಾವು, ಹೊಲೇರು” ಅಂದೆವು.

“ಅಯ್ಯೋ ಅದಕ್ಕೇನಂತೆ ಸಾರ್, ಇಲ್ಲಿ ಅದೆಲ್ಲಾ ಯಾರೂ ನೋಡಲ್ಲ” ಅಂದರು, ಐದು ಪ್ರಶ್ನೆ ಕೇಳಿದವರು. ಯಾರೂ ಎದ್ದುಹೋಗಲಿಲ್ಲ, ಎಲೆ ಬೇರೆ ಹಾಕಲಿಲ್ಲ. ಆದರೆ ಮುಂದಿನ ತಿಂಗಳು ಮೊಮ್ಮಗಳ ಜೊತೆ ಕನ್ನಡ ಕಲಿಯುವ ಹುಡುಗಿಯ ಹುಟ್ಟುಹಬ್ಬಕ್ಕೆ ಬೀದಿಯ ಇಂಗ್ಲಿಷ್ ಮಕ್ಕಳಿಗೆಲ್ಲ ಕರೆ ಬಂತು, ನಮ್ಮ ಮಗುವಿಗೆ ಬರಲಿಲ್ಲ. ಮಗಳು ಅತ್ತಳು. “ನೀವೇನೋ ಊರಿಗೆ ಹೋಗ್ತೀರ, ಇಲ್ಲಿ ಬಾಳ್ಬೇಕಾದೋರು ನಾವು” ಅಂದಳು. ನಾವು ಆಡಿದ ಮಾತನ್ನು ಹಿಂದಕ್ಕೆ ತಗೊಳ್ಳುವುದಿಲ್ಲ. ಅದರ ಬೆಲೆ ಕಟ್ಟಿದವಳು ಅವಳು ಅನ್ನುವುದನ್ನೂ ಮುಚ್ಚಿಡುವುದಿಲ್ಲ.

ಇದಕ್ಕೆ ಅಲ್ಲಿ ಕಾನೂನು ಏನಿದೆ? 2010ರ ಸಮಾನತೆ ಕಾಯ್ದೆಯಲ್ಲಿ ಜಾತಿಯನ್ನು ಸೇರಿಸಲು ಸರ್ಕಾರಕ್ಕೆ ಅಧಿಕಾರ ಕೊಟ್ಟರು. 2013ರಲ್ಲಿ ಸೇರಿಸಲೇಬೇಕು ಅಂತ ತಿದ್ದುಪಡಿ ಮಾಡಿದರು. ಅಲ್ಲಿನ ದಲಿತ ಸಂಘಟನೆಗಳು ಒತ್ತಾಯ ಮಾಡಿದವು, ಹಲವು ಹಿಂದೂ ಸಂಘಟನೆಗಳು ವಿರೋಧಿಸಿದವು. 2018ರ ಜುಲೈನಲ್ಲಿ ಸರ್ಕಾರ, ಕೋರ್ಟಿನ ತೀರ್ಪುಗಳೇ ಸಾಕು, ಜಾತಿ ಅಂತ ಬೇರೆ ಬರೆಯುವುದಿಲ್ಲ ಅಂದುಬಿಟ್ಟಿತು. ಯಾವ ತೀರ್ಪು? ಮಿಲ್ಟನ್ ಕೀನ್ಸ್ ಅನ್ನುವ ಊರಿನ ಒಂದು ಭಾರತೀಯ ಮನೆಯಲ್ಲಿ ಬಿಹಾರದಿಂದ ಕರೆತಂದ ಆದಿವಾಸಿ ಮಹಿಳೆಯೊಬ್ಬಳು ನಾಲ್ಕೂವರೆ ವರ್ಷ ಚಾಕರಿ ಮಾಡಿದಳು. ದಿನಕ್ಕೆ 18 ಗಂಟೆ ದುಡಿತ, ನೆಲದ ಮೇಲೆ ಹಾಸಿಗೆ, ಗಂಟೆಗೆ 11 ಪೆನ್ನಿ ಕೂಲಿ. 2015ರಲ್ಲಿ ನ್ಯಾಯಮಂಡಳಿ ಅವಳಿಗೆ 1,83,774 ಪೌಂಡ್ ಬಾಕಿ ಕೂಲಿ ಕೊಡಿಸಿತು. ಆ ಮನೆಯ ಮುಂದೆಯೂ ಅಂಗೈಯಷ್ಟು ಹುಲ್ಲು ಇದ್ದಿರಬೇಕು, ಅಕ್ಕಪಕ್ಕದವರು ಮಳೆ ಬಿಸಿಲಿನ ಮಾತಾಡಿರಬೇಕು.

ಯುಗಾದಿ ಊಟದ ದಿನ ಇನ್ನೊಂದು ನಡೆಯಿತು. ಹೊರಗೆ ಕಾರು ನಿಲ್ಲಿಸುವ ಜಾಗದಲ್ಲಿ ಒಬ್ಬ ಹುಡುಗ ಹಿಂದೆಯೇ ಬಂದ, ಒಳ್ಳೆ ಕೆಲಸದಲ್ಲಿರುವವನು. ಸುತ್ತ ನೋಡಿ, “ಸಾರ್, ನಾವೂ ಅವರೇ. ಮೈಸೂರು ಕಡೆ. ಯಾರ್ಗೂ ಹೇಳ್ಬೇಡಿ” ಅಂದ. ಆಮೇಲೆ ಒಂದು ಭಾನುವಾರ ಮನೆಗೆ ಬಂದ. ಹೆಂಡತಿ ಮಕ್ಕಳನ್ನು ಕರೆತರಲಿಲ್ಲ. ಮುದ್ದೆ ಉಂಡ, ಅಮ್ಮಾ ಇನ್ನೊಂಚೂರು ಸಾರು ಅಂತ ಕೇಳಿ ಹಾಕಿಸಿಕೊಂಡ.

ಬಾಬಾಸಾಹೇಬರು ಇದ್ದ ಮನೆ ನೋಡಬೇಕು ಅಂದಾಗ ಅವನೇ ರಜ ಹಾಕಿ ನಮ್ಮನ್ನು ರೈಲಿನಲ್ಲಿ ಲಂಡನ್ನಿಗೆ ಕರೆದುಕೊಂಡು ಹೋದ. ಕಿಂಗ್ ಹೆನ್ರಿ ರಸ್ತೆ, 10ನೇ ನಂಬರು. 1921-22ರಲ್ಲಿ ಅವರು ಓದುತ್ತಾ ಇದ್ದ ಮನೆ. ಮಹಾರಾಷ್ಟ್ರ ಸರ್ಕಾರ 2015ರಲ್ಲಿ ಕೊಂಡುಕೊಂಡಿತು. ವಾಸದ ಬೀದಿಯಲ್ಲಿ ಸ್ಮಾರಕ ಬೇಡ ಅಂತ ಅಲ್ಲಿನ ಸ್ಥಳೀಯ ಆಡಳಿತ ತಕರಾರು ತೆಗೆದು, 2020ರ ಮಾರ್ಚಿನಲ್ಲಿ ಮೇಲಿನ ಸರ್ಕಾರ ಅನುಮತಿ ಕೊಟ್ಟ ಮೇಲೆ ಉಳಿದುಕೊಂಡಿತು. ಬಾಗಿಲ ಪಕ್ಕದ ಫಲಕದ ಕೆಳಗೆ ನಮ್ಮಿಬ್ಬರನ್ನೂ ನಿಲ್ಲಿಸಿ ಫೋಟೋ ತೆಗೆದ. ನೀನೂ ಬಾರಪ್ಪ ಅಂದೆವು. “ಬ್ಯಾಡಿ ಸಾರ್, ಫೋಟೋ ಎಲ್ಲೋ ಒಂದ್ಕಡೆ ಹೋಗ್ತದೆ” ಅಂದ. ನಮ್ಮವಳು ಅವನ ಕೈ ಹಿಡಿದೆಳೆದು ಪಕ್ಕದಲ್ಲಿ ನಿಲ್ಲಿಸಿಕೊಂಡಳು. ದಾರಿಹೋಕನೊಬ್ಬನ ಕೈಗೆ ಫೋನ್ ಕೊಟ್ಟು ತೆಗೆಸಿದೆವು. ಅದನ್ನು ತನಗೆ ಕಳಿಸುವುದು ಬೇಡ, ನಿಮ್ಮ ಹತ್ತಿರವೇ ಇರಲಿ ಅಂದ.

ಬರಹದ ಜೊತೆ ಒಂದು ಫೋಟೋ ಕಳಿಸಿ ಅಂತ ಸಂಪಾದಕರು ಕೇಳಿದ್ದರು. ಚೆನ್ನಾಗಿ ಬಂದಿರುವುದು ಅದೊಂದೇ. ಕಳಿಸಿಲ್ಲ.