ನಾಯಿಯ ಎದೆಯ ಹುಳ, ನಮ್ಮ ಓಣಿಯ ಚರಂಡಿ



"ಅಣ್ಣಾ, ನಮ್ಮ ಮಂದಿಗೇ ನೆಟ್ಟಗ ದವಾಖಾನಿ ಇಲ್ಲ, ನೀ ನಾಯಿ ಬಗ್ಗೆ ಏನ್ ಬರೀತಿ?" ಅಂತ ಒಬ್ಬ ಸಂಗಾತಿ ಕೇಳಿದ. ಕೇಳಬೇಕಾದ ಮಾತೇ. 1931ರಲ್ಲಿ ಬಾಬಾಸಾಹೇಬರು ಗಾಂಧೀಜಿ ಎದುರು ಕೂತು, ನಮ್ಮನ್ನ ನಾಯಿ ಬೆಕ್ಕಿಗಿಂತ ಕಡೆಯಾಗಿ ಕಾಣೋ ನಾಡನ್ನ ನನ್ನದು ಅಂತ ಹೇಗೆ ಕರೀಲಿ ಅಂತ ಕೇಳಿದ್ದರು. ಆ ಸಿಟ್ಟು ನಾಯಿ ಮೇಲಿನದಲ್ಲ. ಅವರೂ ನಾಯಿ ಸಾಕಿದವರೇ.

ಅಸ್ಸಾಮಿನಲ್ಲಿ ಸೈನ್ಯದಲ್ಲಿದ್ದ ನಮ್ಮ ಕಾಕಾನ ಮಗ ನಿವೃತ್ತನಾಗಿ ಕಲಬುರಗಿಗೆ ಬರುವಾಗ ತನ್ನ ನಾಯಿಯನ್ನೂ ತಂದ. ಅದಕ್ಕೆ ಕೆಮ್ಮು ಶುರುವಾಯ್ತು. ನಾಲ್ಕು ಹೆಜ್ಜೆ ಓಡಿದರೆ ಕೂತುಬಿಡೋದು. ತೋರಿಸೋಕೆ ಹೋದ ಕಡೆ ಒಬ್ಬರು, "ನಿಮ್ಮ ಓಣಿ ನಾಯಿಗೂ ರಕ್ತ ಪರೀಕ್ಷೆ ಬೇಕೇನ್ರಿ?" ಅಂದರು. ಬೇಕು ಅಂದೆ. ಸಿಕ್ಕಿದ್ದು ಹೃದಯದ ಹುಳ. ಇದು ಈಶಾನ್ಯ ರಾಜ್ಯಗಳಲ್ಲಿ ಹೆಚ್ಚು. ನಮ್ಮ ದಕ್ಷಿಣದಲ್ಲಿ ಜಾಸ್ತಿ ಕಾಣೋದು ಚರ್ಮದ ಕೆಳಗಿರೋ ಅದರ ದಾಯಾದಿ.

ಮುಟ್ಟಿದರೆ ಹತ್ತೋ ರೋಗವಲ್ಲ ಇದು. (ಮುಟ್ಟಿದರೆ ಮೈಲಿಗೆ ಅನ್ನೋ ರೋಗ ಮನುಷ್ಯರಿಗೆ ಮಾತ್ರ ಇರೋದು.) ತರೋದು ಸೊಳ್ಳೆ. ಈ ನಾಯಿಯ ರಕ್ತ ಕುಡಿದ ಸೊಳ್ಳೆ ಸುಮಾರು ಎರಡು ವಾರ ಕಳೆದ ಮೇಲೆ ಬೇರೆ ನಾಯಿಗೋ ಬೆಕ್ಕಿಗೋ ಕಚ್ಚಿದರೆ ಮರಿಹುಳ ಅಲ್ಲಿಗೆ ದಾಟುತ್ತೆ. 6 ತಿಂಗಳಲ್ಲಿ ಬೆಳೆದು ಹೃದಯ, ಶ್ವಾಸಕೋಶದ ರಕ್ತನಾಳದಲ್ಲಿ ಬೀಡುಬಿಡುತ್ತೆ. ಹೆಣ್ಣುಹುಳ 25-30 ಸೆಂ.ಮೀ. ಉದ್ದ! ಬೆಳೆದ ಹುಳ ಕೊಲ್ಲೋ ಔಷಧಿ ದುಬಾರಿ, ಅಪಾಯವೂ ಹೌದು. ಸತ್ತ ಹುಳದ ತುಂಡು ರಕ್ತನಾಳ ಮುಚ್ಚಬಹುದು, ಅದಕ್ಕೇ ನಾಯಿಯನ್ನ ತಿಂಗಳುಗಟ್ಟಲೆ ಓಡೋಕೆ ಬಿಡಬಾರದು. ಬೆಕ್ಕಿಗಂತೂ ಆ ಔಷಧಿ ಆಗಿಬರಲ್ಲ. ತಡೆಯೋದೇ ಸಲೀಸು: ಮೊದಲು ರಕ್ತ ಪರೀಕ್ಷೆ, ಆಮೇಲೆ ತಿಂಗಳಿಗೊಮ್ಮೆ ಐವರ್ಮೆಕ್ಟಿನ್ ತರದ ಔಷಧಿ, ಪಶುವೈದ್ಯರು ಹೇಳಿದ ಅಳತೆಯಲ್ಲೇ. ದನಕ್ಕೆ ತಂದ ಇಂಜೆಕ್ಷನ್ನು ಅಂದಾಜಿಗೆ ಚುಚ್ಚಬೇಡಿ, ನಾಯಿ ಸಾಯಬಹುದು.

ಐವರ್ಮೆಕ್ಟಿನ್ ಕಂಡುಹಿಡಿದವರಿಗೆ 2015ರಲ್ಲಿ ನೊಬೆಲ್ ಬಂತು. ಆನೆಕಾಲು ತಡೆಯೋಕೆ ಮನುಷ್ಯರಿಗೂ ಇದನ್ನ ಕೊಡ್ತಾರೆ. ಆನೆಕಾಲಿನ ಹುಳ ಈ ಹುಳದ ಸಂಬಂಧಿ. ಹೊತ್ತು ತರೋದು ಗಲೀಜು ನೀರಲ್ಲಿ ಹುಟ್ಟೋ ಸೊಳ್ಳೆ. ಕಲಬುರಗಿ, ಯಾದಗಿರಿ ಕಡೆಯ ಹಿರಿಯರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ನಮ್ಮ ಆಯಿಯ ಕಾಲು ನಾನು ನೋಡಿದೀನಿ.

ಊರಿನ ಚರಂಡಿಯೆಲ್ಲ ಹರಿದು ಬಂದು ನಿಲ್ಲೋದು ನಮ್ಮ ಓಣಿಯ ಬಾಯಲ್ಲಿ. ಈಗ ಅನುಕಂಪ ಬೇಡ, ಅಲ್ಲಿ ನೀರು ಹರಿಯೋ ಹಾಗೆ ಕಟ್ಟಿಕೊಡಲಿ ಸಾಕು. ಸೋಮವಾರ ಮತ್ತೆ ಅರ್ಜಿ ಹಿಡ್ಕೊಂಡು ಹೋಗ್ತಿದೀವಿ, ಹತ್ತಿರದವರು ಬನ್ನಿ. ನಾಯಿಗೆ ಚಿಕಿತ್ಸೆ ನಡೀತಿದೆ, ಕಟ್ಟಿಹಾಕಿದೀವಿ.